ಖುಷಾಲಿ (ಕಬ್ಬು ಕಟಾವು)

ಖುಷಾಲಿ ಎಂದರೆ ಕಬ್ಬು ಕಡಿಯುವ ಕಾರ್ಮಿಕರ ತಂಡಕ್ಕೂ ಕಬ್ಬು ಸಾಗಿಸುವ ವಾಹನದ ಚಾಲಕನಿಗೂ ಬೆಳೆಗಾರನು ನಿಗದಿತ ಕೂಲಿ ಹಾಗೂ ಬಾಡಿಗೆಯ ಹೊರತಾಗಿ ಕೊಡುವ ಹಣ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಸೇರಿದಂತೆ ಉತ್ತರ ಕರ್ನಾಟಕದ ಕಬ್ಬಿನ ಸೀಮೆಯಲ್ಲಿಯೂ ನೆರೆಯ ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ ಭಾಗಗಳಲ್ಲಿಯೂ ಈ ರೂಢಿಯಿದೆ. ಹೆಸರಿನಲ್ಲಿ ಇದು ಮನಃಪೂರ್ವಕವಾದ ಭಕ್ಷೀಸು. ಆಚರಣೆಯಲ್ಲಿ ಅನೇಕ ಕಡೆ ಕೊಡದೆ ತಪ್ಪಿಸಿಕೊಳ್ಳಲಾಗದ ವೆಚ್ಚವಾಗಿದೆ.

ಹೆಸರು ಮತ್ತು ಹಿನ್ನೆಲೆ

ಖುಷಿ ಎಂಬುದು ಪಾರಸಿ ಮೂಲದ ಪದ. ‘ಖುಷಿ’, ‘ಖುಷಾಲಿ’ ಎಂಬ ಎರಡೂ ರೂಪಗಳು ಬಳಕೆಯಲ್ಲಿವೆ. ಭಕ್ಷೀಸು, ಇನಾಮು ಎಂಬ ಪದಗಳೂ ಇದೇ ಅರ್ಥಕ್ಕೆ ಹತ್ತಿರವಾದವು.

ಈ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಕೆಲಸಕ್ಕೆ ಪ್ರತಿಫಲ ಕೊಡುವ ಎರಡು ಬೇರೆ ಬೇರೆ ಕ್ರಮಗಳಿದ್ದವು. ಬಡಿಗ, ಕಮ್ಮಾರ, ಕುಂಬಾರ, ಕ್ಷೌರಿಕ ಮೊದಲಾದ ಆಯಗಾರರಿಗೆ ಸುಗ್ಗಿಯ ಕಾಲದಲ್ಲಿ ಕಣದಿಂದ ಧಾನ್ಯದ ಪಾಲು ಸಲ್ಲುತ್ತಿತ್ತು. ಇದು ಅವರ ಹಕ್ಕು. ಇದಕ್ಕೆ ‘ಆಯ’ ಎಂದು ಹೆಸರು. ಇದರ ಹೊರತಾಗಿ, ಕೆಲಸ ಮೆಚ್ಚುಗೆಯಾದಾಗ ಯಜಮಾನನು ತನ್ನ ಮನಸ್ಸಿಗೆ ಬಂದಷ್ಟು ಕೊಡುತ್ತಿದ್ದುದು ಖುಷಿ. ಆಯವನ್ನು ಕೇಳಿ ಪಡೆಯಬಹುದಾಗಿತ್ತು. ಖುಷಿಯನ್ನು ಕೇಳಿ ಪಡೆಯುವಂತಿರಲಿಲ್ಲ. ಇಂದಿನ ಖುಷಾಲಿಯ ಕುರಿತ ವಿವಾದವೆಲ್ಲ ಈ ಎರಡರ ನಡುವಿನ ಗೆರೆ ಅಳಿಸಿಹೋದುದರಿಂದ ಹುಟ್ಟಿದೆ.

ಪ್ರದೇಶ

ಘಟಪ್ರಭಾ ನದಿ ಮತ್ತು ಅದರ ಉಪನದಿಗಳಾದ ಹಿರಣ್ಯಕೇಶಿ ಹಾಗೂ ಮಾರ್ಕಂಡೇಯ ಈ ಮೂರು ತಾಲ್ಲೂಕುಗಳ ನೀರಾವರಿಗೆ ಆಧಾರ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಕಾಲುವೆಗಳಿಗೆ ನೀರು ಹರಿಯುತ್ತದೆ. ಮೊದಲು ಗೋಕಾಕ ತಾಲ್ಲೂಕಿಗೆ ಸೇರಿದ್ದ ಮೂಡಲಗಿ ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಸೇರಿದಂತೆ ಹಲವು ಸಹಕಾರಿ ಹಾಗೂ ಖಾಸಗಿ ಕಾರ್ಖಾನೆಗಳು ಇಲ್ಲಿ ಕಬ್ಬು ನುರಿಸುತ್ತವೆ.

ಕಟಾವಿನ ವ್ಯವಸ್ಥೆ

ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್‌ನಲ್ಲಿ ಆರಂಭವಾಗಿ ಮಾರ್ಚ್ ಸುಮಾರಿಗೆ ಮುಗಿಯುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಮೊದಲಾದ ಒಣಪ್ರದೇಶದ ಜಿಲ್ಲೆಗಳಿಂದಲೂ ಕರ್ನಾಟಕದ ವಿಜಯಪುರ ಮುಂತಾದ ಕಡೆಗಳಿಂದಲೂ ಕುಟುಂಬಗಳು ವಲಸೆ ಬರುತ್ತವೆ. ಗಂಡ ಹೆಂಡತಿ ಜೋಡಿಯಾಗಿ ದುಡಿಯುವುದು ವಾಡಿಕೆ. ಇಂಥ ಜೋಡಿಗಳನ್ನು ಕೂಡಿಸಿ ಗ್ಯಾಂಗ್ ಕಟ್ಟುವವನು ಮುಕಾದಮ. ಅವನು ಹಂಗಾಮಿಗೆ ಮುನ್ನವೇ ಕಾರ್ಮಿಕರಿಗೆ ಮುಂಗಡ ಹಣ ಕೊಟ್ಟಿರುತ್ತಾನೆ. ಕೂಲಿ ಟನ್ನಿನ ಲೆಕ್ಕದಲ್ಲಿ ನಿಗದಿಯಾಗಿದ್ದು, ದುಡಿದ ಹಣ ಮೊದಲು ಆ ಮುಂಗಡಕ್ಕೆ ಜಮೆಯಾಗುತ್ತದೆ. ಆದ್ದರಿಂದ ಗದ್ದೆಯಲ್ಲಿ ನೇರವಾಗಿ ಕೈಸೇರುವ ಖುಷಾಲಿಯ ಹಣಕ್ಕೆ ಕಾರ್ಮಿಕರ ದಿನನಿತ್ಯದ ಬದುಕಿನಲ್ಲಿ ಹೆಚ್ಚಿನ ಬೆಲೆಯಿದೆ.

ಬೆಳೆಗಾರನು ಕಟಾವಿನ ವೆಚ್ಚವನ್ನು ಖುಷಾಲಿಗೆ ಮೊದಲೇ ಭರಿಸಿರುತ್ತಾನೆ. ಕೇಂದ್ರ ಸರ್ಕಾರವು ಕಬ್ಬಿಗೆ ಘೋಷಿಸುವ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಯು (ಎಫ್‌ಆರ್‌ಪಿ) ಕಾರ್ಖಾನೆಯ ಬಾಗಿಲಿನಲ್ಲಿ ಸಲ್ಲುವ ಬೆಲೆ. 2025–26ರ ಹಂಗಾಮಿಗೆ ಶೇ. 10.25 ಸಕ್ಕರೆ ಇಳುವರಿಯ ಕಬ್ಬಿಗೆ ಇದು ಕ್ವಿಂಟಲಿಗೆ 355 ರೂಪಾಯಿ. ಕಾರ್ಖಾನೆಯೇ ಕಟಾವು ಮತ್ತು ಸಾಗಣೆಯನ್ನು ಮಾಡಿಸಿದಾಗ ಆ ವೆಚ್ಚವನ್ನು ರೈತನ ಬಿಲ್ಲಿನಲ್ಲಿ ಕಡಿತ ಮಾಡಿಕೊಳ್ಳುತ್ತದೆ. ಖುಷಾಲಿ ಈ ಕಡಿತದ ಮೇಲಿನ ಹೊರೆ. ಅದಕ್ಕೆ ರಸೀದಿ ಇರುವುದಿಲ್ಲ. ಬಿಲ್ಲಿನಲ್ಲಿಯೂ ಅದು ಕಾಣಿಸಿಕೊಳ್ಳುವುದಿಲ್ಲ.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಡಿಕೆಯಿಟ್ಟು ರೈತರು ನಡೆಸಿದ ಧರಣಿಯು, ಟನ್ನಿಗೆ 3,300 ರೂಪಾಯಿ ಕೊಡಿಸುವ ಸರ್ಕಾರದ ನಿರ್ಧಾರದ ಬಳಿಕ ಅಂತ್ಯಗೊಂಡಿತು. ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಬಿಟ್ಟು ಕೈಗೆ ಬರುವ ಮೊತ್ತವೆಷ್ಟು ಎಂಬುದೇ ಆ ಚರ್ಚೆಯ ತಿರುಳಾಗಿತ್ತು.

ಐಚ್ಛಿಕದಿಂದ ಕಡ್ಡಾಯಕ್ಕೆ

ಕಟಾವು ಮುಗಿದ ದಿನ ಗ್ಯಾಂಗಿಗೆ ಊಟ ಹಾಕಿಸುವುದು, ಚಹಾ ಖರ್ಚಿಗೆಂದು ಒಂದಿಷ್ಟು ಹಣ ಕೊಡುವುದು ಖುಷಾಲಿಯ ಸರಳ ರೂಪ. ಕಬ್ಬಿನ ಕ್ಷೇತ್ರ ಹೆಚ್ಚಿ ಕಡಿಯುವವರ ಕೊರತೆ ಉಂಟಾದಂತೆ ಇದರ ಸ್ವರೂಪ ಬದಲಾಯಿತು. ಕೆಲಸ ಮುಗಿದ ಮೇಲೆ ಕೊಡುತ್ತಿದ್ದುದನ್ನು ಕೆಲಸ ಹಿಡಿಯುವ ಮೊದಲೇ ಎಕರೆಗೆ ಅಥವಾ ಟನ್ನಿಗೆ ಇಷ್ಟು ಎಂದು ಗೊತ್ತುಪಡಿಸುವ ಪದ್ಧತಿ ಬಂದಿತು. ವಾಹನದ ಚಾಲಕನು ಪ್ರತಿ ಖೇಪಿಗೆ ಕೇಳುವ ಹಣಕ್ಕೆ ‘ಎಂಟ್ರಿ’ ಎಂಬ ಹೆಸರೂ ಇದೆ.

ಬೆಳೆಗಾರನು ನಿರಾಕರಿಸಲಾರದಿರುವುದಕ್ಕೆ ಕಾರಣ ಬೆಳೆಯ ಸ್ವಭಾವದಲ್ಲಿಯೇ ಇದೆ. ಹದ ಮೀರಿದ ಕಬ್ಬು ಗದ್ದೆಯಲ್ಲಿ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ. ಕಟಾವು ತಡವಾದರೆ ಕುಳೆ ಬೆಳೆಯ ಆರೈಕೆಯೂ ತಡವಾಗುತ್ತದೆ. ಉದಾಹರಣೆಗೆ, ಎಕರೆಗೆ 40 ಟನ್ ಬೆಳೆದವನು ಟನ್ನಿಗೆ 50 ರೂಪಾಯಿ ಕೊಟ್ಟರೆ ಎಕರೆಗೆ 2,000 ರೂಪಾಯಿ ವೆಚ್ಚವಾಗುತ್ತದೆ. ತೂಕದಲ್ಲಿ ಒಂದು ಟನ್ ಕಡಿಮೆಯಾದರೂ ನಷ್ಟ ಅದಕ್ಕಿಂತ ಹೆಚ್ಚು. ಒಂದೆರಡು ಎಕರೆಯ ಸಣ್ಣ ಹಿಡುವಳಿದಾರನಿಗೆ ಈ ಒತ್ತಡ ಅಧಿಕ. ಏಕೆಂದರೆ ಗ್ಯಾಂಗುಗಳು ದೊಡ್ಡ ಗದ್ದೆಗಳಿಗೆ ಮೊದಲು ಹೋಗಲು ಬಯಸುತ್ತವೆ.

ಇತರ ಕ್ಷೇತ್ರಗಳೊಂದಿಗೆ ಹೋಲಿಕೆ

ಭಕ್ಷೀಸು ಕಡ್ಡಾಯವಾಗುವುದು ಕಬ್ಬಿಗೆ ಸೀಮಿತವಾದುದಲ್ಲ. ಪ್ರವಾಸಿ ಹಡಗುಗಳಲ್ಲಿ ಇದು ಬಹಿರಂಗವಾದ ನಿಯಮದ ರೂಪ ಪಡೆದಿದೆ. ಅಮೆರಿಕದ ಹಲವು ಹಡಗು ಕಂಪನಿಗಳು ಪ್ರತಿ ಪ್ರಯಾಣಿಕನ ಖಾತೆಗೆ ದಿನವೊಂದಕ್ಕೆ ಇಷ್ಟು ಡಾಲರ್ ಎಂದು ಭಕ್ಷೀಸನ್ನು ತಾವಾಗಿಯೇ ಸೇರಿಸುತ್ತವೆ. 2024ರ ಸುಮಾರಿಗೆ ಇದು ಸಾಮಾನ್ಯವಾಗಿ 16ರಿಂದ 20 ಡಾಲರ್‌ಗಳಷ್ಟಿತ್ತು. ಕೋಣೆ ಶುಚಿಗೊಳಿಸುವವರ, ಊಟ ಬಡಿಸುವವರ ಗಳಿಕೆಯ ಒಂದು ಭಾಗ ಇದರಿಂದ ಬರುತ್ತದೆ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ ಕಂಪನಿಯು 2019ರಲ್ಲಿ ಪ್ರತ್ಯೇಕ ಭಕ್ಷೀಸನ್ನು ಕೈಬಿಟ್ಟಿತು.

ಭಾರತದ ಹೋಟೆಲುಗಳಲ್ಲಿ ಬಿಲ್ಲಿಗೆ ಸೇವಾ ಶುಲ್ಕ ಸೇರಿಸುವ ರೂಢಿಯ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಸೇವಾ ಶುಲ್ಕವನ್ನು ತಾನಾಗಿಯೇ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಬಾರದು ಎಂಬುದು ಅದರ ಸಾರ. ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2025ರ ಮಾರ್ಚ್ 28ರಂದು ಇದನ್ನು ಎತ್ತಿಹಿಡಿಯಿತು. ಈ ಮಾರ್ಗಸೂಚಿ ಹೋಟೆಲುಗಳಿಗೆ ಸಂಬಂಧಿಸಿದ್ದೇ ಹೊರತು ಕಬ್ಬಿನ ಗದ್ದೆಗೆ ಅನ್ವಯಿಸುವುದಿಲ್ಲ. ಆದರೂ ಮೂರೂ ಕಡೆ ಏಳುವ ಪ್ರಶ್ನೆ ಒಂದೇ: ನಿರಾಕರಿಸಲಾಗದ ಕೊಡುಗೆಯು ಕೊಡುಗೆಯೋ, ಬೆಲೆಯೋ? ಹಡಗಿನಲ್ಲಿ ಹಾಗೂ ಹೋಟೆಲಿನಲ್ಲಿ ಅದು ಬಿಲ್ಲಿನಲ್ಲಿ ಕಾಣುತ್ತದೆ, ಗದ್ದೆಯಲ್ಲಿ ಕಾಣುವುದಿಲ್ಲ.

ವಾದಗಳು ಮತ್ತು ಪರಿಹಾರ

ಕಟಾವಿನ ವೆಚ್ಚವನ್ನು ಬಿಲ್ಲಿನಲ್ಲಿ ಒಮ್ಮೆ ಭರಿಸಿದ ಮೇಲೆ ಮತ್ತೆ ಕೊಡಬೇಕಾಗುವುದು ಅನ್ಯಾಯವೆಂಬುದು ಬೆಳೆಗಾರರ ವಾದ. ಬೆಳಗಿನ ಚಳಿಯಿಂದ ರಾತ್ರಿ ವಾಹನಕ್ಕೆ ಕಬ್ಬು ಹೇರುವವರೆಗಿನ ದುಡಿಮೆಗೆ ಟನ್ನಿನ ದರ ಸಾಲದೆಂಬುದು, ಮುಂಗಡ ತೀರುವವರೆಗೆ ಕೈ ಬರಿದಾಗಿರುತ್ತದೆಂಬುದು ಕಾರ್ಮಿಕರ ವಾದ. ಈ ವಾದಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಕೂಲಿಯ ದರದಲ್ಲಿ ಉಳಿದ ಕೊರತೆಯನ್ನು ಗದ್ದೆಯ ಬದುವಿನಲ್ಲಿ ಬಡವರಿಬ್ಬರು ತಮ್ಮಲ್ಲಿಯೇ ಚೌಕಾಸಿ ಮಾಡಿ ತುಂಬಿಕೊಳ್ಳಬೇಕಾಗಿ ಬಂದಿರುವುದನ್ನೇ ಎರಡೂ ಸೂಚಿಸುತ್ತವೆ.

ಖುಷಾಲಿಯ ಒತ್ತಾಯವನ್ನು ತಗ್ಗಿಸಲು ಮುಖ್ಯವಾಗಿ ಮೂರು ಮಾರ್ಗಗಳಿವೆ. ಕಟಾವಿನ ಸರದಿಯನ್ನು ನಾಟಿಯ ದಿನಾಂಕಕ್ಕೆ ಅನುಗುಣವಾಗಿ ಪಾಲಿಸುವುದು ಮೊದಲನೆಯದು. ಕೂಲಿಯ ದರವನ್ನು ಏರಿಸಿ ಅದನ್ನು ಬಿಲ್ಲಿನಲ್ಲಿ ಸ್ಪಷ್ಟವಾಗಿ ತೋರಿಸುವುದು ಎರಡನೆಯದು. ಯಂತ್ರದಿಂದ ಕಟಾವು ಮಾಡಿಸುವುದು ಮೂರನೆಯದು. ಆದರೆ ಸಾಲುಗಳ ನಡುವೆ ಹೆಚ್ಚು ಅಂತರವಿಲ್ಲದ ಹಾಗೂ ಸಣ್ಣ ತುಂಡುಗಳಾಗಿರುವ ಗದ್ದೆಗಳಲ್ಲಿ ಯಂತ್ರ ತಿರುಗುವುದು ಕಷ್ಟ. ಒತ್ತಾಯದ ವಸೂಲಿಯ ಬಗ್ಗೆ ಬೆಳೆಗಾರರು ಕಾರ್ಖಾನೆಯ ಕಬ್ಬು ವಿಭಾಗಕ್ಕೆ, ಜಿಲ್ಲಾಧಿಕಾರಿಗಳಿಗೆ ಹಾಗೂ ಕಬ್ಬು ಅಭಿವೃದ್ಧಿ ಆಯುಕ್ತರಿಗೆ ಲಿಖಿತ ದೂರು ಸಲ್ಲಿಸಬಹುದು.