ಒಂದು ಸೆಕೆಂಡಿಗೆ ಸಾವಿರ ಚಿತ್ರ

ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ ಒಂದೇಟು ಹಾಕಿ ಮೇಲೇಳುವುದು ಎಲ್ಲರಿಗೂ ಕಾಣುತ್ತದೆ. ಆ ಏಟಿನ ನಡುವೆ ತಗಡು ಎಲ್ಲಿ ಜಾರಿತು, ಎಲ್ಲಿ ಬಿರಿಯಿತು ಎಂಬುದು ಮಾತ್ರ ಕಣ್ಣಿಗೆ ಬೀಳದು. ಅದನ್ನು ಹಿಡಿಯಲೆಂದೇ ಇರುವುದು ಹೈಸ್ಪೀಡ್ ಇಂಡಸ್ಟ್ರಿಯಲ್ ಕ್ಯಾಮೆರಾ.

ಮೊಬೈಲಿನ ಮಾಮೂಲಿ ವಿಡಿಯೊದಲ್ಲಿ ಸೆಕೆಂಡಿಗೆ 30 ಅಥವಾ 60 ಚಿತ್ರ, ಇದರಲ್ಲಿ ಸಾವಿರಗಟ್ಟಲೆ. ಎಣಿಕೆಯಷ್ಟೇ ಮುಖ್ಯ ಎಕ್ಸ್‌ಪೋಷರ್, ಅಂದರೆ ಪ್ರತಿ ಚಿತ್ರಕ್ಕೆ ಬೆಳಕು ಒಳಬಿಡುವ ಹೊತ್ತು. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಕನ್ವೇಯರ್ ಮೇಲೆ ಓಡುವ ಬಾಟಲಿಯನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ನೋಡಿದರೂ ಚಿತ್ರ 2 ಮಿಲಿಮೀಟರ್ ಕಲಸಿಹೋಗುತ್ತದೆ, ಮುಚ್ಚಳದ ಮೇಲಿನ ತಾರೀಖು ಓದಲಾಗದು. 20,000ದಲ್ಲೊಂದು ಭಾಗಕ್ಕೆ ಇಳಿಸಿದರೆ ಮಸುಕು 0.1 ಮಿಲಿಮೀಟರ್. ಅಷ್ಟರಲ್ಲಿ ಒಳಬರುವ ಬೆಳಕು ತೀರಾ ಕಡಿಮೆ. ಕಣ್ಣು ಕೋರೈಸುವ ಎಲ್‌ಇಡಿ ದೀಪ ಬೇಕೇ ಬೇಕು. ಕ್ಯಾಮೆರಾಗೆ ದುಡ್ಡು ಸುರಿದು ದೀಪಕ್ಕೆ ಜಿಪುಣತನ ಮಾಡಿದರೆ ಕೆಲಸ ಕೆಟ್ಟಂತೆಯೇ.

ಇಡೀ ಚಿತ್ರವನ್ನು ಒಮ್ಮೆಗೇ ಸೆರೆಹಿಡಿಯುವ ಗ್ಲೋಬಲ್ ಶಟರ್ ಇಲ್ಲದಿದ್ದರೆ ಜೋರಾಗಿ ತಿರುಗುವ ಗೇರಿನ ಹಲ್ಲು ಸೊಟ್ಟಗೆ ಕಾಣುತ್ತದೆ.

1280×1024 ಪಿಕ್ಸೆಲ್‌ಗಳ ಕಪ್ಪು-ಬಿಳುಪು ಚಿತ್ರ ಸೆಕೆಂಡಿಗೆ ಸಾವಿರವಾದರೆ ಸುಮಾರು 1.3 ಗಿಗಾಬೈಟ್ ಮಾಹಿತಿ. ಅಷ್ಟನ್ನೂ ಉಳಿಸಿಕೊಳ್ಳುತ್ತ ಹೋದರೆ ಜಾಗ ಬೇಗ ತುಂಬಿಬಿಡುತ್ತದೆ. ಹಾಗಾಗಿ ಕ್ಯಾಮೆರಾ ತನ್ನ ಮೆಮೊರಿಯಲ್ಲಿ ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆಯುತ್ತಲೇ ಇರುತ್ತದೆ. ಮಷಿನ್ ಕೈಕೊಟ್ಟ ಕೂಡಲೇ ಟ್ರಿಗರ್ ಸಂಕೇತ ಬಂದು ಬರವಣಿಗೆ ನಿಲ್ಲುತ್ತದೆ. ಅದಕ್ಕೆ ಮುಂಚಿನ ಕೆಲವು ಸೆಕೆಂಡು ಉಳಿಯುತ್ತವೆ. ಅವಘಡ ಆದಮೇಲೆ ಗುಂಡಿ ಒತ್ತಿ, ಆಗುವ ಮುಂಚಿನದನ್ನು ನೋಡುವ ಅನುಕೂಲವಿದು!

ಪೀಣ್ಯಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಶಬ್ದಕ್ಕಿಂತ ಹಲವು ಪಟ್ಟು ವೇಗದ ಗಾಳಿ ಹರಿಸುವ ಹೈಪರ್‌ಸಾನಿಕ್ ಶಾಕ್ ಟನೆಲ್‌ನಲ್ಲಿ ಪ್ರಯೋಗದ ಆಯುಷ್ಯವೇ ಮಿಲಿಸೆಕೆಂಡುಗಳ ಲೆಕ್ಕ. ಅಲ್ಲಿನ ಆಘಾತ ತರಂಗಗಳನ್ನು ನೋಡಲೂ ಇಂಥ ಕ್ಯಾಮೆರಾವೇ ಬೇಕು.

ಕೊಳ್ಳುವವರಿಗೊಂದು ಮಾತು: ಕರಪತ್ರದಲ್ಲಿ ದೊಡ್ಡಕ್ಷರದಲ್ಲಿರುವ ವೇಗ ಸಾಮಾನ್ಯವಾಗಿ ಚಿತ್ರದ ಗಾತ್ರ ಕತ್ತರಿಸಿದಾಗಿನದು. ಪೂರ್ಣ ಗಾತ್ರದಲ್ಲಿ ಎಷ್ಟು ಎಂದು ಕೇಳಿಯೇ ಆರ್ಡರ್ ಕೊಡಿ.