ವಿದೇಶಿ ಹಣ ಹೋದ ಮೇಲೆ ಶಾಲೆಯಲ್ಲಿ ಉಳಿಯುವುದೇನು?

ಸರ್ಕಾರಿ ಶಾಲೆಯ ಶಿಕ್ಷಕರ ತರಬೇತಿಗೆ ಹೊರದೇಶದ ಹಣ ತರಬೇಕೇ ಎಂಬ ಚರ್ಚೆ ಸಾಮಾನ್ಯವಾಗಿ ಹಣ ಯಾರದು ಎಂಬಲ್ಲೇ ನಿಂತುಬಿಡುತ್ತದೆ. ಆ ಹಣ ನಿಂತ ಮೇಲೆ ಏನು ಉಳಿಯಿತು ಎಂದು ಕೇಳುವುದು ಹೆಚ್ಚು ಉಪಯುಕ್ತ. 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವನ್ನೇ, ಅಂದರೆ ಡಿಪಿಇಪಿಯನ್ನೇ ನೋಡಿ. ಅದರ ವೆಚ್ಚದಲ್ಲಿ ಶೇ 85 ಕೇಂದ್ರದ್ದು, ಶೇ 15 ರಾಜ್ಯದ್ದು. ಕೇಂದ್ರದ ಪಾಲಿಗೆ ವಿಶ್ವಬ್ಯಾಂಕಿನ ಸಾಲ ಮತ್ತು ಐರೋಪ್ಯ ಒಕ್ಕೂಟ, ಬ್ರಿಟನ್, ನೆದರ್ಲೆಂಡ್ಸ್‌ಗಳ ನೆರವು ಒದಗಿತು. ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಸೇರಿದ್ದು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ತಾಲ್ಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಹತ್ತಾರು ಶಾಲೆಗಳಿಗೊಂದು ಕ್ಲಸ್ಟರ್ ಕೇಂದ್ರ ಎಂಬ ವ್ಯವಸ್ಥೆಗೆ ಆಗ ಬಲ ಬಂತು. ಪಾಠದಲ್ಲಿ ತೊಡಕಾದರೆ ಶಿಕ್ಷಕರು ಜಿಲ್ಲಾ ಕೇಂದ್ರದವರೆಗೆ ಹೋಗಬೇಕಿಲ್ಲ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯೇ (ಸಿಆರ್‌ಪಿ) ಶಾಲೆಗೆ ಬರುತ್ತಾರೆ ಎಂಬುದು ಇದರ ಆಶಯ. ಡಿಪಿಇಪಿ ಮುಗಿದರೂ ಈ ಕೇಂದ್ರಗಳು ಮುಚ್ಚಲಿಲ್ಲ. ಸರ್ವ ಶಿಕ್ಷಾ ಅಭಿಯಾನ ಅವನ್ನು ಮುಂದುವರಿಸಿತು. 2004ರಿಂದ ನಾವೆಲ್ಲ ತೆತ್ತ ಶೇ 2ರ ಶಿಕ್ಷಣ ಸೆಸ್ ಆ ಅಭಿಯಾನಕ್ಕೂ ಹರಿಯಿತು.

ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕಥೆ ಇನ್ನೂ ಅರ್ಥಪೂರ್ಣ. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರು ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಶಾಲೆಗಳಿಗೆ ಹೋದರು. ಅಲ್ಲಿ ಕಂಡದ್ದನ್ನು ಅವರು ನಕಲು ಮಾಡಲಿಲ್ಲ. ಕನ್ನಡದ ಪಾಠಗಳನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು, ಕಾರ್ಡು, ಹಾಡು, ಆಟಗಳನ್ನು ತಾವೇ ರೂಪಿಸಿದರು. 2009-10ರ ಹೊತ್ತಿಗೆ ಈ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಹಬ್ಬಿತು. ಮೇಲಿನಿಂದ ಆದೇಶವಾಗಿ ಇಳಿದಾಗ ಮೊದಲಿನ ಹುರುಪು ಎಲ್ಲೆಡೆ ಉಳಿಯಲಿಲ್ಲ, ನಿಜ. ಆದರೆ ನೆರವಿನ ಹಣ ಶಿಕ್ಷಕರ ಬುದ್ಧಿಯನ್ನು ನಂಬಿದಾಗ ಏನು ಹುಟ್ಟಬಹುದೆಂದು ಅದು ತೋರಿಸಿತು.

ವಿಶ್ವಬ್ಯಾಂಕಿನ ಹಣ ಸಾಲ, ದಾನವಲ್ಲ; ಸಾಲದ ಜೊತೆ ಷರತ್ತುಗಳೂ ಬರುತ್ತವೆ ಎಂಬ ಆಕ್ಷೇಪ ಹಗುರವಾದುದಲ್ಲ. ಡಿಪಿಇಪಿ ಕಾಲದಲ್ಲಿ ಹಲವು ರಾಜ್ಯಗಳು ಕಡಿಮೆ ಸಂಬಳದ ಗುತ್ತಿಗೆ ಶಿಕ್ಷಕರನ್ನು ನೇಮಿಸಿಕೊಂಡವು, ಆ ಟೀಕೆ ಸರಿಯಾದದ್ದೇ. ಆದರೆ ಶಿಕ್ಷಣ ಬಜೆಟ್ಟಿನ ಬಹುಪಾಲು ವೇತನಕ್ಕೇ ಹೋಗುವಾಗ ತರಬೇತಿಗೆ ಉಳಿಯುವುದು ಚೂರುಪಾರು. ಒಟ್ಟು ವೆಚ್ಚದಲ್ಲಿ ಚಿಕ್ಕದಾದ ವಿದೇಶಿ ಪಾಲು ತೂಕ ಪಡೆಯುವುದು ಅಲ್ಲಿಯೇ.

ಮುಖ್ಯ ಶಿಕ್ಷಕರ ತರಬೇತಿಯನ್ನು ಬಳಸಿಕೊಳ್ಳುವಲ್ಲಿ ಮಾತ್ರ ನಾವು ತೀರಾ ಹಿಂದಿದ್ದೇವೆ. ಸಣ್ಣ ಶಾಲೆಯಲ್ಲಿ ಅವರೇ ಪಾಠ ಮಾಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ದಾಖಲೆ ತುಂಬಬೇಕು. ನಾಯಕತ್ವದ ತರಬೇತಿ ಮುಗಿಸಿ ಬಂದವರಿಗೆ ಸಹೋದ್ಯೋಗಿಯ ತರಗತಿಯಲ್ಲಿ ಅರ್ಧ ಗಂಟೆ ಕೂರಲೂ ಬಿಡುವಿಲ್ಲ. 2020ರಲ್ಲಿ ವಿಶ್ವಬ್ಯಾಂಕ್ 50 ಕೋಟಿ ಡಾಲರ್ ಒಪ್ಪಿದ, ಶಾಲಾ ಶಿಕ್ಷಣ ಸುಧಾರಣೆಯ ಸ್ಟಾರ್ಸ್ ಯೋಜನೆಯ ಆರು ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ. ಮುಂದೆ ಇಂಥ ಒಪ್ಪಂದ ನಮ್ಮಲ್ಲಿಗೂ ಬಂದರೆ, ತರಬೇತಿ ಪಡೆದವರ ಸಂಖ್ಯೆಗಿಂತ ಮೊದಲು ಅದರಲ್ಲಿ ಎರಡು ಸಾಲು ಇರಬೇಕು: ಮುಖ್ಯ ಶಿಕ್ಷಕರ ಗುಮಾಸ್ತಗಿರಿಯನ್ನು ಯಾರು ವಹಿಸಿಕೊಳ್ಳುತ್ತಾರೆ, ಮತ್ತು ಯಾವ ವರ್ಷದಿಂದ ತರಬೇತಿಯ ಖರ್ಚನ್ನು ರಾಜ್ಯದ ಬಜೆಟ್ ಹೊರುತ್ತದೆ.