ಅಪ್ಪನ ಎದೆನೋವು ಮಗುವಿಗೆ ಅರ್ಥವಾಗಬೇಕು

ಮಸ್ಕತ್‌ನ ರೂವಿಯಲ್ಲೋ ಘುಬ್ರಾದಲ್ಲೋ ಸಂಸಾರ ಮಾಡುತ್ತಿರುವ ನಿಮಗೆ ಒತ್ತಡವೆಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ವೀಸಾ ನಿಂತಿರುವುದು ಕೆಲಸದ ಮೇಲೆ. ಮಕ್ಕಳ ಫೀಸು, ಊರಿನ ಸಾಲದ ಕಂತು, ಅಪ್ಪ-ಅಮ್ಮನ ಔಷಧಿ ಎಲ್ಲವೂ ಅದೇ ಸಂಬಳದಲ್ಲಿ ನಡೆಯಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಊರಿನಿಂದ ಫೋನು ಬಂದರೆ ಎದೆ ಧಸಕ್ಕೆನ್ನುತ್ತದೆ.

ಅದು ಬರೀ ಮಾತಲ್ಲ. ಆ ಕ್ಷಣದಲ್ಲಿ ಅಡ್ರಿನಲಿನ್ ಹಾರ್ಮೋನು ಹರಿದು ಹೃದಯದ ಬಡಿತವೂ ರಕ್ತದೊತ್ತಡವೂ ಏರುತ್ತವೆ; ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ತಿಂಗಳುಗಟ್ಟಲೆ ಇಳಿಯದಿದ್ದರೆ ರಕ್ತನಾಳದ ಒಳಪದರ ಹಾಳಾಗುತ್ತದೆ. ಜೊತೆಗೆ ನಿದ್ದೆ ಕೆಡುತ್ತದೆ, ಸಿಗರೇಟು ಹೆಚ್ಚುತ್ತದೆ, ನಡಿಗೆ ನಿಲ್ಲುತ್ತದೆ.

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಸದಾ ಒತ್ತಡದಲ್ಲಿರುವವರಿಗೆ ಹೃದಯಾಘಾತದ ಸಾಧ್ಯತೆ ಸುಮಾರು ಎರಡು ಪಟ್ಟು ಎಂದು ಅದು ಕಂಡುಕೊಂಡಿತು. ಅದೇ ಅಧ್ಯಯನದ 2007ರ ವರದಿಯಂತೆ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53. ಉಳಿದವರಲ್ಲಿ ಸುಮಾರು 59. ಅಂದರೆ ಮಕ್ಕಳು ಇನ್ನೂ ಓದುತ್ತಿರುವ ವಯಸ್ಸು.

ಈಗ ನಿಮ್ಮ ಮನೆಯ ಮಾತಿಗೆ ಬನ್ನಿ. ನೋವು ಬಂದಾಗ ನಮ್ಮ ಬಾಯಲ್ಲಿ ಬರುವುದು ಕನ್ನಡ: "ಎದೆ ಹಿಡ್ಕೊಂಡ ಹಾಗಾಗ್ತಿದೆ", "ಒಂಥರಾ ಸಂಕಟ". ಪಕ್ಕದಲ್ಲಿರುವ ಹತ್ತು ವರ್ಷದ ಮಗಳಿಗೆ ಅದು ಅರ್ಥವಾಗುತ್ತದೆಯೇ? ನಾಡಿನ ಹಣ್ಣು-ಹಕ್ಕಿಗಳ ಹೆಸರಿನ ಜೊತೆಗೆ ಈ ಮಾತುಗಳನ್ನೂ ಕಲಿಸಿ. ಎದೆಯ ಮೇಲೆ ಭಾರ, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆ ಬೆವರು, ಉಸಿರುಕಟ್ಟುವುದು. ಅಮ್ಮನಿಗಾದರೆ ಕೆಲವೊಮ್ಮೆ ಬರೀ ವಿಪರೀತ ಸುಸ್ತು, ವಾಕರಿಕೆ. ಇವು ಕಂಡರೆ "ಗ್ಯಾಸ್ ಇರಬೇಕು" ಎಂದು ಕಾಯದೆ 9999ಕ್ಕೆ ಫೋನು ಮಾಡಬೇಕು. ಮನೆಯ ವಿಳಾಸವನ್ನೂ ಹತ್ತಿರದ ಗುರುತನ್ನೂ ಇಂಗ್ಲಿಷಿನಲ್ಲಿ ಹೇಳುವುದನ್ನು ಮಗು ಒಂದೆರಡು ಸಲ ಅಭ್ಯಾಸ ಮಾಡಲಿ.

ಅಷ್ಟೇ ಮುಖ್ಯವಾದದ್ದು ನಿತ್ಯದ ಮಾತು. "ಇವತ್ತು ಆಫೀಸಿನಲ್ಲಿ ತುಂಬಾ ತಲೆಬಿಸಿ ಆಯ್ತು ಪುಟ್ಟಾ, ಸ್ವಲ್ಪ ಹೊತ್ತು ಸುಮ್ಮನೆ ಕೂರ್ತೀನಿ" ಎಂದರೆ ಮಗು ಹೆದರುವುದಿಲ್ಲ. ಮನಸ್ಸಿನಲ್ಲಿರುವುದನ್ನು ಕನ್ನಡದಲ್ಲಿ ಹೇಳಬಹುದು ಎಂದು ಕಲಿಯುತ್ತದೆ.

ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ಬಿಸಿಲು ಇಳಿದ ಮೇಲೆ ಕುರುಮ್ ಕಡಲ ದಂಡೆಯಲ್ಲಿ ಮಕ್ಕಳೊಂದಿಗೆ ಅರ್ಧ ಗಂಟೆ ನಡೆಯಿರಿ. ಫೋನು ಜೇಬಿನಲ್ಲೇ ಇರಲಿ. ಹೃದಯಕ್ಕೂ ಒಳ್ಳೆಯದು, ಕನ್ನಡಕ್ಕೂ.